90 ದಿನದ ಪಾಸ್‌ವರ್ಡ್ ನಿಯಮದ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ

ಪರಮಪೂಜ್ಯ 90 ದಿನದ ಪಾಸ್‌ವರ್ಡ್ ನಿಯಮದವರ ಪಾದಾರವಿಂದಗಳಿಗೆ,

ಕಚೇರಿಯ ಕಂಪ್ಯೂಟರ್‌ಗಳನ್ನೂ ಅವುಗಳ ಮುಂದೆ ಕೂರುವವರನ್ನೂ ಕಾಯುವುದೇ ಕಸುಬಾಗಿರುವ ಬೆಂಗಳೂರಿನ ಒಬ್ಬ ನೌಕರನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಮೂರು ತಿಂಗಳಿಗೊಮ್ಮೆ ತಾವು ಪರದೆಯ ಮೇಲೆ ದರ್ಶನ ಕೊಡುತ್ತೀರಿ. 'ನಿಮ್ಮ ಪಾಸ್‌ವರ್ಡ್ ಅವಧಿ ಮುಗಿದಿದೆ, ಬದಲಿಸಿ' ಎಂದು ಅಪ್ಪಣೆಯಾಗುತ್ತದೆ. ಅದನ್ನು ಜಾರಿ ಮಾಡುವವನು ನಾನು, ಆಮೇಲೆ ಬರುವ ಫೋನ್ ಕರೆಗಳಿಗೆ ಉತ್ತರ ಹೇಳುವವನೂ ನಾನೇ. ತಮ್ಮ ಮೇಲಿನ ಗೌರವ ಕಡಿಮೆಯಾಗಿಲ್ಲ. ಆದರೂ ತಮ್ಮ ದೆಸೆಯಿಂದ ಜನ ಪಡುತ್ತಿರುವ ಪಾಡನ್ನು ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳದೆ ಇರಲಾರೆ.

ಮೊದಲು ಸ್ವಲ್ಪ ಹಿನ್ನೆಲೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಹಲವರು ಒಂದೇ ಯಂತ್ರವನ್ನು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಾಟೊ ಮತ್ತವರ ಸಂಗಡಿಗರು ಕಟ್ಟಿದಾಗ, ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲಿ ಎಂದು ಪಾಸ್‌ವರ್ಡ್ ಇಟ್ಟರು. 1962ರಲ್ಲೇ ಅದು ಕಳವಾಯಿತು. ಅಲನ್ ಶೆರ್ ಎಂಬ ಸಂಶೋಧಕನಿಗೆ ಯಂತ್ರದಲ್ಲಿ ಹೆಚ್ಚು ಹೊತ್ತು ಕೆಲಸ ಮಾಡಬೇಕಿತ್ತು. ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಅಚ್ಚು ಹಾಕಲು ಕೊಟ್ಟ, ಪಟ್ಟಿ ಕೈಗೆ ಬಂತು. ಒಂದೇ ಒಂದು ಪಾಸ್‌ವರ್ಡನ್ನೂ ಅವನು ಊಹಿಸಬೇಕಾಗಲಿಲ್ಲ. ಕಳವು ಹೀಗೆ ಬೇರೆ ದಾರಿಯಿಂದಲೂ ನಡೆಯುತ್ತದೆ ಎಂಬುದು ಅಂದಿನಿಂದಲೂ ಗೊತ್ತಿರುವ ಸಂಗತಿ. ಇದನ್ನು ತಾವು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ತಮ್ಮ ಹುಟ್ಟಿನ ಹಿಂದೆ ಸದುದ್ದೇಶವೂ ಇತ್ತು, ಲೆಕ್ಕವೂ ಇತ್ತು. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪಾಸ್‌ವರ್ಡ್ ನಿರ್ವಹಣೆಗೆಂದೇ ಒಂದು ಕೈಪಿಡಿ ಹೊರತಂದಿತು. ಪಾಸ್‌ವರ್ಡ್ ಎಷ್ಟು ಉದ್ದವಿದೆ, ಶತ್ರು ನಿಮಿಷಕ್ಕೆ ಎಷ್ಟು ಸಲ ಊಹಿಸಬಲ್ಲ ಎಂಬುದರ ಮೇಲೆ ಅದರ ಆಯುಷ್ಯವನ್ನು ಗುಣಿಸುವ ಸೂತ್ರ ಅದರಲ್ಲಿತ್ತು. ಸೂತ್ರದಲ್ಲಿ ತಪ್ಪಿಲ್ಲ. ಆದರೆ ಆ ಲೆಕ್ಕ ಯಂತ್ರ ಕುರುಡಾಗಿ ಆರಿಸಿದ ಅಕ್ಷರಗಳಿಗೆ ಹೊಂದುತ್ತದೆ, ಮನುಷ್ಯ ನೆನಪಿಟ್ಟುಕೊಳ್ಳಲೆಂದು ಆರಿಸಿದ್ದಕ್ಕೆ ಹೊಂದುವುದಿಲ್ಲ. ಮುಂದೆ 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ನಲ್ಲಿದ್ದ ಬಿಲ್ ಬರ್ ಅವರು ಬರೆದ ಮಾರ್ಗಸೂಚಿಯಿಂದ ತಮ್ಮ ಪರಿವಾರ ಲೋಕದ ತುಂಬ ಹರಡಿತು: ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಆಗಾಗ ಬದಲಾಗುತ್ತಿರಲಿ. ಜನ ನಿಜವಾಗಿ ಎಂಥ ಪಾಸ್‌ವರ್ಡ್ ಇಡುತ್ತಾರೆ ಎಂಬ ಮಾಹಿತಿ ಆಗ ಅವರ ಕೈಗೆ ಸಿಕ್ಕಿರಲಿಲ್ಲ. ನಿವೃತ್ತರಾದ ಮೇಲೆ, 2017ರಲ್ಲಿ, ತಾನು ಬರೆದದ್ದರಲ್ಲಿ ಬಹುಪಾಲಿಗೆ ವಿಷಾದವಿದೆ ಎಂದು ಆ ಹಿರಿಯರು ಪತ್ರಿಕೆಯೊಂದರ ಮುಂದೆ ಹೇಳಿದರು. ತಮ್ಮನ್ನು ಹೆತ್ತವರೇ ಹೀಗೆ ಹೇಳಿದ ಮೇಲೂ ತಾವು ಅಲುಗಾಡಿಲ್ಲ. ತಮ್ಮ ಸ್ಥೈರ್ಯಕ್ಕೆ ಕೈಮುಗಿಯುತ್ತೇನೆ, ಆದರೆ ಅದಕ್ಕೆ ದಂಡ ತೆರುತ್ತಿರುವವರು ಯಾರು ಎಂಬುದನ್ನು ತಾವೇ ನೋಡಬೇಕು.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಬ್ಯಾಂಕಿನ ಕೆಲಸವನ್ನು ಮನೆಯಲ್ಲೇ ಕೂತು ಮಾಡಿಕೊಳ್ಳಬೇಕೆಂದು ಕಷ್ಟಪಟ್ಟು ಕಲಿತವರು. ಒಂದು ಸಂಜೆ ಕರೆದು ತಮ್ಮ ಕಿರು ಡೈರಿಯ ಕೊನೆಯ ಪುಟ ತೋರಿಸಿದರು. ಮೇಲುಗಡೆ ಹೆಂಡತಿಯ ಹೆಸರು, ಪಕ್ಕದಲ್ಲಿ @ ಚಿಹ್ನೆ, ಆಮೇಲೆ 1. ಅದಕ್ಕೆ ಸ್ಕೇಲ್ ಇಟ್ಟು ಗೀಟು ಎಳೆದಿದ್ದರು. ಕೆಳಗೆ ಅದೇ ಹೆಸರು, ಅದೇ ಚಿಹ್ನೆ, 2. ಅದಕ್ಕೂ ಗೀಟು. ಹೀಗೇ 6ರ ತನಕ. "ಹಳೇ ಐದನ್ನ ಮತ್ತೆ ಹಾಕೋ ಹಾಗಿಲ್ಲ ಅನ್ನುತ್ತಪ್ಪಾ ಅದು. ಅದಕ್ಕೇ ಮುಂದಿನ ಸಲದ್ದು 7 ಅಂತ ಈಗಲೇ ಬರೆದಿಟ್ಟಿದೀನಿ, ಸರಿ ತಾನೆ?" ಎಂದರು. ನಲವತ್ತು ಮಕ್ಕಳ ಕ್ಲಾಸಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಮನುಷ್ಯ ಅವರು, ದಡ್ಡರಲ್ಲ. ತಾವು ಕೇಳಿದ್ದೆಲ್ಲ ಅವರ ಪಾಸ್‌ವರ್ಡಿನಲ್ಲಿದೆ: ದೊಡ್ಡಕ್ಷರವಿದೆ, ಚಿಹ್ನೆಯಿದೆ, ಅಂಕಿಯಿದೆ, ಮೂರು ತಿಂಗಳಿಗೊಮ್ಮೆ ಬದಲಾವಣೆಯೂ ಇದೆ. ಭದ್ರತೆ ಒಂದು ಇಲ್ಲ. "ಡೈರಿ ಬೀರುವಿನಲ್ಲೇ ಇರಲಿ ಮೇಷ್ಟ್ರೇ, ಅದರಿಂದ ತೊಂದರೆಯಿಲ್ಲ, ದೂರದ ಊರಲ್ಲಿ ಕೂತ ಕಳ್ಳನಿಗೆ ನಿಮ್ಮ ಬೀರು ಎಟುಕುವುದಿಲ್ಲ. ಆದರೆ ಆ ಹೆಸರು ಬಿಡಿ" ಎಂದೆ. ಅವರು ಮುಖ ಸಪ್ಪಗೆ ಮಾಡಿಕೊಂಡರು. ಹೇಳಿದಂತೆಯೇ ನಡೆದುಕೊಂಡವರಿಗೆ ನಾನು ತಪ್ಪು ಹೇಳಿದ ಹಾಗಾಯಿತು. ಆ ಸಪ್ಪೆ ಮುಖದ ಹೊಣೆ ತಮ್ಮದು, ಸ್ವಾಮಿ.

ಇದು ಒಬ್ಬ ಮೇಷ್ಟ್ರ ಕಥೆಯಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮಂಥ ನಿಯಮಕ್ಕೆ ಒಳಪಟ್ಟಿದ್ದ 10,000ಕ್ಕೂ ಹೆಚ್ಚು ಹಳೆಯ ಖಾತೆಗಳನ್ನು ಇಟ್ಟುಕೊಂಡು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ, ಶೇಕಡ 17ರಷ್ಟು ಖಾತೆಗಳಲ್ಲಿ ಮುಂದಿನದನ್ನು ಐದು ಊಹೆಯೊಳಗೆ ಹಿಡಿಯಬಹುದಿತ್ತು. ಜನ ಎಲ್ಲ ಕಡೆಯೂ ಮೇಷ್ಟ್ರ ಹಾಗೆಯೇ ಮಾಡುತ್ತಾರೆ: 1 ಇದ್ದದ್ದು 2 ಆಗುತ್ತದೆ, ಮಾರ್ಚ್ ಇದ್ದದ್ದು ಜೂನ್ ಆಗುತ್ತದೆ. ಇನ್ನು, ಪಾಸ್‌ವರ್ಡ್ ಕದ್ದವನು 90ನೆಯ ದಿನ ಬರಲೆಂದು ಕಾಯುತ್ತಾನೆಯೇ? ಸಿಕ್ಕ ಕೂಡಲೇ ಖಾತೆ ಬರಿದು ಮಾಡಿ ಹೋಗಿರುತ್ತಾನೆ. ತಾವು ಬರುವ ಹೊತ್ತಿಗೆ ದೂರು ದಾಖಲಾಗಿ ತಿಂಗಳುಗಳೇ ಕಳೆದಿರುತ್ತವೆ.

ತಮ್ಮ ತಮ್ಮಂದಿರಾದ ಅಕ್ಷರ ನಿಯಮಗಳ ವಿಚಾರವಾಗಿಯೂ ಒಂದು ಬಿನ್ನಹ. '123456' ಒಳ್ಳೆಯದಲ್ಲ ಎಂದು ಅವರು ಕಲಿಸಿದ್ದಕ್ಕೆ ನಾನು ನಿಜಕ್ಕೂ ಋಣಿ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಕಳವಾದಾಗ ಎಲ್ಲಕ್ಕಿಂತ ಹೆಚ್ಚು ಸಲ ಕಂಡದ್ದು ಅದೇ. ಆದರೆ ನಾನು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು, ಉದಾಹರಣೆಗೆ ಕೊಡೆ, ಹಲಸು, ಬುಧವಾರ, ಗಿರಣಿ ಎಂದು, ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆದರೆ 25 ಅಕ್ಷರ ಆಗುತ್ತದೆ. ನೆನಪಿಡುವುದು ಸುಲಭ, ಊಹಿಸುವುದು ಬಲು ಕಷ್ಟ. (ಇಲ್ಲಿ ಅಚ್ಚಾದ ಈ ನಾಲ್ಕನ್ನೇ ಯಾರೂ ಇಡಬೇಡಿ, ನಿಮ್ಮದೇ ಪದಗಳನ್ನು ಆರಿಸಿಕೊಳ್ಳಿ. ಗಾದೆ ಮಾತು, ಹಾಡಿನ ಸಾಲು ಬೇಡ, ಅವು ಎಲ್ಲರಿಗೂ ಗೊತ್ತು.) ಇಂಥ ಉದ್ದನೆಯ ಪಾಸ್‌ವರ್ಡನ್ನು ತಮ್ಮ ತಮ್ಮಂದಿರು 'ದೊಡ್ಡಕ್ಷರವಿಲ್ಲ, ಅಂಕಿಯಿಲ್ಲ, 15 ಅಕ್ಷರ ಮೀರುವಂತಿಲ್ಲ' ಎಂದು ಹಿಂದಕ್ಕೆ ಕಳಿಸುತ್ತಾರೆ. 'ಪಾಸ್‌ವರ್ಡ್' ಎಂಬ ಇಂಗ್ಲಿಷ್ ಪದವನ್ನೇ ಬರೆದು, ಮೊದಲ ಅಕ್ಷರ ದೊಡ್ಡದು ಮಾಡಿ, ಕೊನೆಗೆ @123 ಸೇರಿಸಿದರೆ ಹಸಿರು ಗುರುತು ಹಾಕಿ ಒಳಗೆ ಬಿಡುತ್ತಾರೆ. ಕನ್ನಡ ಲಿಪಿಯಲ್ಲಿ ಬರೆದರಂತೂ ಮುಲಾಜಿಲ್ಲದೆ ತಿರಸ್ಕಾರ. ಇಂಗ್ಲಿಷ್ ಕೀಲಿಮಣೆಯಲ್ಲಿ ತಡಕಾಡುವ ಕೋಟ್ಯಂತರ ಜನ ತಮ್ಮ ನುಡಿಯಲ್ಲೇ ಒಂದು ಗುಟ್ಟು ಇಟ್ಟುಕೊಳ್ಳುವಂತಾದರೆ ತಮಗೇನು ನಷ್ಟ? ಕನ್ನಡದಂಥ ಲಿಪಿಗಳನ್ನೂ ಒಳಗೊಂಡ ಯೂನಿಕೋಡ್ ಅಕ್ಷರಗಳಿಗೂ ಅವಕಾಶ ಕೊಡಬೇಕು ಎಂದು ನಿಸ್ಟ್ 2017ರಲ್ಲೇ ಹೇಳಿದೆ.

ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಪೇಸ್ಟ್ ಮಾಡಲು ಕೆಲವು ಕಡೆ ಬಿಡುವುದಿಲ್ಲವಲ್ಲ, ಅದನ್ನೂ ದಯಮಾಡಿ ತೆಗೆಸಿಕೊಡಿ. ಉದ್ದನೆಯ ಪಾಸ್‌ವರ್ಡ್ ಇಡಿ ಎನ್ನುವುದು, ಅದನ್ನು ಒಂದೊಂದೇ ಅಕ್ಷರ ಕುಟ್ಟಿ ಎನ್ನುವುದು, ಎರಡೂ ಒಟ್ಟಿಗೆ ನಡೆಯುವ ಮಾತಲ್ಲ.

ಇಷ್ಟನ್ನೂ ಹೇಗೋ ಸಹಿಸಿಕೊಂಡೇವು. ಸಹಿಸಲಾಗದ್ದು ಮುಂದಿನದು. ನಮ್ಮ ಕಚೇರಿಯ ಅಕೌಂಟ್ಸ್ ವಿಭಾಗದ ಹೆಣ್ಣುಮಗಳೊಬ್ಬರು ಕೆಲವು ತಿಂಗಳ ಹಿಂದೆ ಫೋನ್ ಮಾಡಿ, "ಸಾರ್, ಪಾಸ್‌ವರ್ಡ್ ಬದಲಿಸಿ ಅಂತ ಎರಡು ಮೇಲ್ ಬಂದಿದೆ, ಯಾವುದು ನಿಮ್ಮದು?" ಎಂದರು. ಹೋಗಿ ನೋಡಿದೆ. ಒಂದು ತಮ್ಮ ಹೆಸರಿನಲ್ಲಿ ನಮ್ಮ ವ್ಯವಸ್ಥೆಯೇ ಕಳಿಸಿದ್ದು. ಇನ್ನೊಂದು ಕಳ್ಳನದು. ಅದೇ ಲೋಗೋ, ಅದೇ ನೀಲಿ ಗುಂಡಿ, 'ಇಂದು ಸಂಜೆಯೊಳಗೆ ಬದಲಿಸದಿದ್ದರೆ ಖಾತೆ ಸ್ಥಗಿತಗೊಳ್ಳುತ್ತದೆ' ಎಂಬ ಅದೇ ಗದರಿಕೆ. ಗುಂಡಿಯ ಮೇಲೆ ಮೌಸ್ ಇಟ್ಟಾಗ ಕೆಳಗೆ ಕಾಣುವ ವಿಳಾಸದಲ್ಲಿ ಮಾತ್ರ ನಮ್ಮ ಸಂಸ್ಥೆಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಆಕೆ ಕೇಳಿದ್ದು ನಮ್ಮ ಪುಣ್ಯ. ಎಲ್ಲರೂ ಕೇಳುವುದಿಲ್ಲ, ಕೇಳಲು ಪುರುಸೊತ್ತೂ ಇರುವುದಿಲ್ಲ. ತಿಂಗಳ ಕೊನೆ, ಸಂಬಳದ ಪಟ್ಟಿ ಆಗಬೇಕು, ಅಷ್ಟರಲ್ಲಿ ಅವಧಿ ಮುಗಿಯಿತೆಂಬ ಮೇಲ್. ಅದನ್ನು ಕಂಡೊಡನೆ ಲಿಂಕ್ ಒತ್ತಿ ಹಳೆಯ ಪಾಸ್‌ವರ್ಡ್ ಬರೆಯಬೇಕು ಎಂದು ಜನರನ್ನು ವರ್ಷಗಟ್ಟಲೆ ಪಳಗಿಸಿದ್ದು ತಾವು. ಕಳ್ಳ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ, ತಮ್ಮ ದನಿಯಲ್ಲಿ ಕೂಗಿದರೆ ಸಾಕು. ಹಾಗೆ ಮೋಸ ಹೋದವರಿಗೆ ಆಮೇಲೆ 'ಭದ್ರತಾ ತರಬೇತಿ'ಗೆ ಬರಲು ನೋಟಿಸ್ ಹೋಗುತ್ತದೆ. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರುವ ಅವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಪ್ಪು ವ್ಯವಸ್ಥೆಯದು, ನಾಚಿಕೆ ಮಾತ್ರ ಅವರ ಪಾಲಿಗೆ.

ತಮಗೆ ವಿಶ್ರಾಂತಿ ಬೇಕೆಂದು ನಾನೊಬ್ಬನೇ ಹೇಳುತ್ತಿಲ್ಲ. ಬ್ರಿಟನ್ನಿನ ಸೈಬರ್ ಭದ್ರತಾ ಸಂಸ್ಥೆ 2016ರಲ್ಲೇ ಗಡುವಿನ ಬದಲಾವಣೆ ಬೇಡವೆಂದಿತು. 2017ರಲ್ಲಿ ನಿಸ್ಟ್ ತನ್ನ ಹಳೆಯ ಸಲಹೆಯನ್ನು ತಾನೇ ಹಿಂತೆಗೆದುಕೊಂಡು, ಪಾಸ್‌ವರ್ಡ್ ಸೋರಿದ ಸುಳಿವು ಸಿಕ್ಕಾಗ ಮಾತ್ರ ಬದಲಿಸಿರಿ ಎಂದಿತು. ಮೈಕ್ರೋಸಾಫ್ಟ್ 2019ರಲ್ಲಿ ವಿಂಡೋಸ್‌ನ ಭದ್ರತಾ ಶಿಫಾರಸುಗಳಿಂದ ತಮ್ಮ ಹೆಸರನ್ನು ತೆಗೆಯಿತು. 2025ರ ಪರಿಷ್ಕರಣೆಯಲ್ಲಿ ನಿಸ್ಟ್ ಇನ್ನೂ ಬಿಗಿಯಾಗಿ, ಕಾರಣವಿಲ್ಲದೆ ಬದಲಿಸಲು ಒತ್ತಾಯಿಸಲೇಕೂಡದು ಎಂದಿದೆ. ಇಷ್ಟಾದರೂ ತಾವು ಉಳಿದಿರುವುದು ಆಡಿಟ್ ಪಟ್ಟಿಯ ಬಲದಿಂದ. ಕಾರ್ಡ್ ವ್ಯವಹಾರದ ಪಿಸಿಐ ಮಾನಕದಲ್ಲಿ 90 ದಿನ ಇನ್ನೂ ಇದೆ, ನಿಜ. ಆದರೆ ಹೊಸ ಆವೃತ್ತಿಯಲ್ಲಿ ಅದು ಬರಿಯ ಪಾಸ್‌ವರ್ಡ್ ಒಂದನ್ನೇ ನಂಬಿ ಒಳಗೆ ಬಿಡುವ ಕಡೆಗೆ ಸಂಬಂಧಿಸಿದ್ದು, ಅಲ್ಲಿಯೂ ಬೇರೆ ಮಾರ್ಗಕ್ಕೆ ಅವಕಾಶವಿದೆ. ಆ ಷರತ್ತನ್ನು ಓದುವ ವ್ಯವಧಾನ ಇಲ್ಲದವರು ಎಲ್ಲ ಕಡೆಯೂ 90 ಎಂದು ಬರೆದು 'ಪಾಲಿಸಲಾಗಿದೆ' ಎಂದು ಗುರುತು ಹಾಕುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ. ಕ್ಯಾಲೆಂಡರ್ ನೋಡಿ ಬರುವುದನ್ನು ಬಿಡಿ. ಕಳವಾಗಿದೆ ಎಂದು ಗೊತ್ತಾದ ದಿನ ಬನ್ನಿ, ಅಂದು ತಮ್ಮನ್ನು ಬಾಗಿಲಲ್ಲೇ ನಿಂತು ಬರಮಾಡಿಕೊಳ್ಳುತ್ತೇನೆ, ಮಧ್ಯರಾತ್ರಿಯಾದರೂ ಸರಿಯೇ. ಉಳಿದ ದಿನಗಳಲ್ಲಿ ತಮ್ಮ ಜಾಗಕ್ಕೆ ಬೇರೆಯವರನ್ನು ಕಳಿಸಿಕೊಡಿ. ಈಗಾಗಲೇ ಸೋರಿಹೋಗಿರುವ ಪಾಸ್‌ವರ್ಡ್‌ಗಳ ಪಟ್ಟಿಯೊಡನೆ ಹೊಸದನ್ನು ತಾಳೆ ನೋಡುವ ವ್ಯವಸ್ಥೆ ಬರಲಿ. ಟ್ರಾಯ್ ಹಂಟ್ ಎಂಬವರು ಅಂಥ ಪಟ್ಟಿಯನ್ನು ಎಲ್ಲರ ಬಳಕೆಗೆ ಇಟ್ಟಿದ್ದಾರೆ, ಪೂರ್ತಿ ಪಾಸ್‌ವರ್ಡನ್ನು ಹೊರಗೆ ಕಳಿಸದೆಯೇ ತಾಳೆ ನೋಡಬಹುದು. 64 ಅಕ್ಷರದ ತನಕವಾದರೂ ಜಾಗ ಕೊಡಿ. ಪಾಸ್‌ವರ್ಡಿನ ಜೊತೆಗೆ ಎರಡನೆಯ ಪರೀಕ್ಷೆಯೊಂದು ಇರಲಿ. ಆಗುವ ಕಡೆ ಪಾಸ್‌ವರ್ಡಿನ ಬದಲು ಪಾಸ್‌ಕೀ ಬರಲಿ: ಬೆರಳು ಒತ್ತಿದರೆ ಸಾಕು, ನಕಲಿ ವಿಳಾಸದ ತಾಣದಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಮೇಷ್ಟ್ರು ಯಾವ ಅಂಕಿಯನ್ನೂ ನೆನಪಿಡಬೇಕಾಗಿಲ್ಲ, ಅಕೌಂಟ್ಸ್‌ನವರು ವಿಳಾಸದಲ್ಲಿ ಹೆಚ್ಚಾದ ಅಕ್ಷರ ಹುಡುಕಬೇಕಾಗಿಲ್ಲ.

ನಮ್ಮ ಕಚೇರಿಯಲ್ಲಿ ತಮ್ಮನ್ನು ಬೀಳ್ಕೊಡುವ ಟಿಪ್ಪಣಿ ಸಿದ್ಧವಾಗಿದೆ. ಮೇಲೆ ಹೇಳಿದ ಮಾರ್ಗಸೂಚಿಗಳನ್ನೆಲ್ಲ ಪುಟ ಸಮೇತ ಲಗತ್ತಿಸಿದ್ದೇನೆ. ಮುಂದಿನ ಆಡಿಟ್ ಸಭೆಯಲ್ಲಿ ಅದನ್ನು ಮಂಡಿಸುವವನಿದ್ದೇನೆ. ಸಭೆಯಲ್ಲಿ ಯಾರಾದರೂ 'ಮೊದಲಿನಿಂದ ಹೀಗೇ ನಡೆದು ಬಂದಿದೆ' ಎಂದರೆ ತಾವು ಅವರ ಪರ ನಿಲ್ಲಬಾರದೆಂದು ಕೈಜೋಡಿಸಿ ಬೇಡುತ್ತೇನೆ.

ಇತಿ ತಮ್ಮ ಆಜ್ಞಾಧಾರಕ,
ಹೆಲ್ಪ್‌ಡೆಸ್ಕ್ ಫೋನಿನ ಈ ತುದಿಯಲ್ಲಿರುವವನು