‘ಬ್ಯೂಟಿಫುಲ್’: ಒಂದು ಅಪ್ರೌಢ ಪ್ರಬಂಧ

ಇಂಗ್ಲಿಷಿನ ‘ಬ್ಯೂಟಿಫುಲ್’ ಶುದ್ಧ ಅರಿಸಮಾಸ ಎಂಬುದು ಪ್ರಸ್ತುತ ಲೇಖಕನ ಸಿದ್ಧಾಂತ. ಪೂರ್ವಪದ ಲ್ಯಾಟಿನ್, ಉತ್ತರಪದ ಜರ್ಮಾನಿಕ್. ಕನ್ನಡಕ್ಕೆ ಸಂಸ್ಕೃತ ಬೆರೆಸುವವರನ್ನು ಕಂಡು, ತುಪ್ಪಕ್ಕೆ ಯಾರಾದರೂ ಎಣ್ಣೆ ಸುರಿಯುತ್ತಾರೆಯೇ ಎಂದು 1112ರ ಸುಮಾರಿಗೇ ರೇಗಿದ್ದ ನಯಸೇನ, ಇದನ್ನು ನೋಡಿದ್ದರೆ ಎಲೆ ಬಿಟ್ಟು ಎದ್ದುಬಿಡುತ್ತಿದ್ದ. ‘ಫುಲ್’ ಬರೀ ಪ್ರತ್ಯಯ, ಇದು ಸಮಾಸವೇ ಅಲ್ಲ, ತದ್ಧಿತಾಂತ ಎಂದು ತಕರಾರು ತೆಗೆಯುವ ವೈಯಾಕರಣರಿದ್ದಾರೆ. ಅವರು ಊಟಕ್ಕೆ ಹೋದಾಗ ಮುಂದುವರಿಯೋಣ.

ಪೂರ್ವಪದದ ಬೇರು ಲ್ಯಾಟಿನ್ನಿನ ‘ಬೆಲ್ಲುಸ್’, ಸ್ತ್ರೀಲಿಂಗದಲ್ಲಿ ‘ಬೆಲ್ಲ’. ನಮ್ಮ ಅಚ್ಚು ಬೆಲ್ಲಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂಬಂಧ ಕಟ್ಟುವ ಆಸೆಯನ್ನು ಎರಡು ರಾತ್ರಿ ನಿದ್ದೆಗೆಟ್ಟು ಹತ್ತಿಕ್ಕಿದ್ದೇನೆ. ‘ಒಳ್ಳೆಯ’ ಎಂಬರ್ಥದ ‘ಬೋನುಸ್’ ಪದದ ಮುದ್ದಿನ ರೂಪವೇ ಬೆಲ್ಲುಸ್. ಬೋನುಸ್‌ನ ಹಳೆಯ ರೂಪ ‘ದುಏನೊಸ್’. ರೋಮಿನ ಕ್ವಿರಿನಾಲ್ ಗುಡ್ಡದಲ್ಲಿ 1880ರಲ್ಲಿ ಸಿಕ್ಕ ಮಣ್ಣಿನ ಪಾತ್ರೆಯೊಂದರ ಮೇಲೆ ಈ ಪದವನ್ನು ಗೀಚಿದ್ದಾರೆ. ಒಂದಕ್ಕೊಂದು ಅಂಟಿದ ಮೂರು ಪುಟ್ಟ ಕುಡಿಕೆಗಳು, ಥೇಟ್ ನಮ್ಮ ಅರಿಶಿನ-ಕುಂಕುಮದ ಬಟ್ಟಲು! ಅಂದಮೇಲೆ ದೀಪಾವಳಿಯ ಬೋನಸ್ಸೂ ಬ್ಯೂಟಿಯೂ ಒಂದೇ ಬಳ್ಳಿಯವು. ಬೋನಸ್ ಬಂದ ತಿಂಗಳು ಮಾತ್ರ ನಾನು ಮನೆಯಲ್ಲಿ ಲಕ್ಷಣವಾಗಿ ಕಾಣುವುದಕ್ಕೆ ಇದೇ ಭಾಷಾವೈಜ್ಞಾನಿಕ ಕಾರಣ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬ್ಯೂಟಿ ಫ್ರೆಂಚ್ ಉಡುಪಿನಲ್ಲಿ ಅಲ್ಲಿಗೆ ಬಂದಳು. ಅದಕ್ಕೆ ಮುಂಚೆ ಚೆಂದದವರಿಗೆ ಇಂಗ್ಲಿಷಿನಲ್ಲಿದ್ದ ಒಂದು ಪದ ‘ವ್ಲಿಟಿಗ್’. ಹೊಸ ಇಳಕಲ್ ಸೀರೆ ಉಟ್ಟು ನಿಂತ ಮನೆಯಾಕೆಯ ಮುಂದೆ ಇದನ್ನು ಪ್ರಯೋಗಿಸಿ ನೋಡಿದೆ. “ಶೀತ ಆಯ್ತೇನ್ರೀ? ಕಷಾಯ ಇಡ್ಲಾ?” ಅಂದಳು. ನಾರ್ಮನ್ನರು ಗೆದ್ದದ್ದೇ ಒಳ್ಳೆಯದಾಯಿತು.

ಇನ್ನು ‘ಫುಲ್’. ನಮ್ಮ ‘ಪಾಲು’ ‘ಹಾಲು’ ಆದಂತೆ, ಮೂಲದ ಪಕಾರ ಜರ್ಮಾನಿಕ್ ನಾಲಗೆಯಲ್ಲಿ ಫಕಾರವಾಯಿತು. ಸಂಸ್ಕೃತದ ‘ಪೂರ್ಣ’ ಇದರ ದಾಯಾದಿ. ಸಿದ್ಧಾಂತ ಕೈಕೊಡುವುದು ಇಲ್ಲೇ. ಲ್ಯಾಟಿನ್, ಜರ್ಮಾನಿಕ್ ಎರಡೂ ಇಂಡೋ-ಯುರೋಪಿಯನ್ ಮನೆತನದ ಕುಡಿಗಳು. ಇದರಲ್ಲಿ ಅರಿ ಯಾರು? ಆದಕಾರಣ ‘ದಾಯಾದಿ ಸಮಾಸ’ ಎಂಬ ಹೊಸ ಪ್ರಭೇದವನ್ನು ಸ್ಥಾಪಿಸುತ್ತಿದ್ದೇನೆ. ದಾಯಾದಿಗಿಂತ ಅರಿಯೇ ವಾಸಿ ಎಂಬುದನ್ನು ಜಮೀನಿನ ವ್ಯಾಜ್ಯಕ್ಕೆ ಕೋರ್ಟು ಅಲೆದವರನ್ನು ಕೇಳಿ. ಒಂದೇ ಸೂರಿನಡಿ ಬಂದದ್ದೇ ತಡ, ಬ್ಯೂಟಿಯ ‘ವೈ’ ಹೋಗಿ ‘ಐ’ ಆಯಿತು, ಫುಲ್‌ನ ಎರಡು ‘ಎಲ್’ಗಳಲ್ಲಿ ಒಂದು ಕಾಣೆಯಾಯಿತು.

ಆ ಎಲ್ ಎಲ್ಲಿ ಹೋಯಿತೆಂದು ಐದನೇ ಕ್ಲಾಸಿನಲ್ಲಿ ಮೇಷ್ಟರನ್ನೇ ಕೇಳಿದ್ದೆ. ಅವರು ಮರದ ಸ್ಕೇಲನ್ನು ಅಂಚಿನ ಮೇಲೆ ತಿರುಗಿಸಿ ಹಿಡಿದು ಅಂಗೈ ಚಾಚು ಅಂದರು. ಬೆಂಚಿಗೆ ಬಂದು ಕೂತು ನೋಡಿಕೊಂಡೆ. ನೆಟ್ಟಗೆ, ಉದ್ದಕ್ಕೆ, ಕೆಂಪಗೆ, ಸಣ್ಣ ಅಕ್ಷರದ ಎಲ್.