ಟೋರ್ಡೆಸಿಲ್ಲಾಸ್ ಗೆರೆಯವರ ಸನ್ನಿಧಾನಕ್ಕೆ

ಅಟ್ಲಾಂಟಿಕ್ ಸಾಗರದಲ್ಲಿ ಧ್ರುವದಿಂದ ಧ್ರುವದವರೆಗೆ ದಯಮಾಡಿಸಿರುವ ಮಹಾಮಹಿಮ ಗೆರೆಯವರಿಗೆ, ತಮ್ಮ ಪೂರ್ವದ ಪಾಲಿಗೆ ಸೇರಿದ ಕನ್ನಡ ಕರಾವಳಿಯಿಂದ ಸಾಷ್ಟಾಂಗ ಪ್ರಣಾಮಗಳು.

ಮೊದಲು ಸಲ್ಲಬೇಕಾದ ಕೃತಜ್ಞತೆಯನ್ನು ಸಲ್ಲಿಸಿಬಿಡುತ್ತೇನೆ. 1493ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಿಕ್ಕಿದ ಕೊಲಂಬಸ್ ಸ್ಪೇನಿಗೆ ಮರಳುವ ಮೊದಲು ಲಿಸ್ಬನ್ ಸೇರಿದ. ಅವನ ಕಥೆ ಕೇಳಿದ ಪೋರ್ಚುಗಲ್ ದೊರೆ ಎರಡನೆಯ ಜೊವಾವ್, ಹಳೆಯ ಒಪ್ಪಂದದ ಪ್ರಕಾರ ಅವನು ಕಂಡುಬಂದ ದ್ವೀಪಗಳು ತನಗೇ ಸೇರಬೇಕು ಎಂದ. ಸ್ಪೇನಿನ ರಾಜದಂಪತಿ ಇಸಬೆಲ್ಲಾ ಮತ್ತು ಫರ್ಡಿನಾಂಡ್ ರೋಮಿಗೆ ಮೊರೆಯಿಟ್ಟರು. ಫರ್ಡಿನಾಂಡನ ವೇಲೆನ್ಸಿಯಾ ಸೀಮೆಯಲ್ಲೇ ಹುಟ್ಟಿದ ಪೋಪ್ ಆರನೆಯ ಅಲೆಕ್ಸಾಂಡರ್ ಮೇ ತಿಂಗಳಲ್ಲಿ ಆಜ್ಞಾಪತ್ರ ಹೊರಡಿಸಿ, ಅಜೋರ್ಸ್ ಮತ್ತು ಕೇಪ್ ವರ್ಡ್ ದ್ವೀಪಗಳಿಂದ 100 ಲೀಗ್ ಪಶ್ಚಿಮಕ್ಕೆ ಗೆರೆ ಎಳೆದರು. ಜೊವಾವ್‌ಗೆ ಅದು ಸಾಲಲಿಲ್ಲ. 1494ರ ಜೂನ್ 7ರಂದು ದುಯೆರೊ ನದಿ ದಂಡೆಯ ಟೋರ್ಡೆಸಿಲ್ಲಾಸ್‌ನಲ್ಲಿ ಎರಡೂ ಕಡೆಯವರು ಕೂತು, ತಮ್ಮನ್ನು ಕೇಪ್ ವರ್ಡ್‌ನಿಂದ 370 ಲೀಗ್ ಆಚೆಗೆ ಸರಿಸಿದರು. ತಾವು ನಿಂತಲ್ಲಿಂದ ಪಶ್ಚಿಮವೆಲ್ಲ ಇಸಬೆಲ್ಲಾಳ ಕ್ಯಾಸ್ಟೀಲಿಗೆ, ಪೂರ್ವವೆಲ್ಲ ಪೋರ್ಚುಗಲ್ಲಿಗೆ. ಗಡಿ ಹಂಚಿಕೊಂಡ ಎರಡು ಕಿರೀಟಗಳು ಆಗ ಯುದ್ಧಕ್ಕಿಳಿಯದೆ ಉಳಿದದ್ದರಲ್ಲಿ ತಮ್ಮ ಪಾಲು ದೊಡ್ಡದು. ಅದಕ್ಕೆ ಮನಸಾರೆ ವಂದನೆಗಳು. ಆ ಶಾಂತಿಯ ಬೆಲೆಯನ್ನು ತೆತ್ತವರು ಬೇರೆಯವರು ಎಂಬುದನ್ನು ಮಾತ್ರ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ಆ ದಿನ ಅಲ್ಲಿದ್ದ ಯಾರೂ ತಮ್ಮನ್ನು ಕಂಡವರಲ್ಲ. 370 ಲೀಗನ್ನು ಕೇಪ್ ವರ್ಡ್‌ನ ಯಾವ ದ್ವೀಪದಿಂದ ಎಣಿಸಬೇಕು? ಪತ್ರದಲ್ಲಿ ಬರೆದಿಲ್ಲ. ಒಂದು ಲೀಗ್ ಎಂದರೆ ಎಷ್ಟು ದೂರ? ಅದೂ ಇಲ್ಲ. ಹತ್ತು ತಿಂಗಳೊಳಗೆ ಎರಡೂ ರಾಜ್ಯಗಳ ಹಡಗುಗಳು ನಾವಿಕರನ್ನೂ ಜ್ಯೋತಿಷಿಗಳನ್ನೂ ಹೊತ್ತು ಹೋಗಿ ತಮ್ಮ ಜಾಗ ಗುರುತಿಸಬೇಕು, ನೆಲ ಸಿಕ್ಕಿದಲ್ಲಿ ಗುರುತಿನ ಕಂಬವನ್ನೋ ಗೋಪುರವನ್ನೋ ನಿಲ್ಲಿಸಬೇಕು ಎಂದು ಕರಾರಾಗಿತ್ತು. ಆ ಜಂಟಿ ಯಾನ ನಡೆಯಲೇ ಇಲ್ಲ. ನಡೆದಿದ್ದರೂ ಪ್ರಯೋಜನ ಕಡಿಮೆ. ನಡುಗಡಲಿನಲ್ಲಿ ರೇಖಾಂಶವನ್ನು ನಂಬಿಕೆಗೆ ಅರ್ಹವಾಗಿ ಅಳೆಯಲು ಇಂಗ್ಲೆಂಡಿನ ಗಡಿಯಾರ ತಯಾರಕ ಹ್ಯಾರಿಸನ್‌ನ ಗಡಿಯಾರ ಬರಬೇಕಾಯಿತು, ಅದು 18ನೇ ಶತಮಾನದ ಮಾತು. ಎಲ್ಲಿದ್ದೀರಿ ಎಂದು ತಿಳಿಯದ ತಮ್ಮ ಹೆಸರಿನಲ್ಲಿ ಭೂಮಿಗೆ ಒಡೆತನ ಹುಟ್ಟಿಕೊಂಡಿತು. ತಮ್ಮ ಮೇಲಿನ ನನ್ನ ದೊಡ್ಡ ದೂರು ಇದೇ. ಅರಿಯದಿರುವುದು ತಪ್ಪಲ್ಲ; ಅರಿಯದ್ದರ ಮೇಲೆ ಹಕ್ಕುಪತ್ರ ಬರೆದುಕೊಳ್ಳುವುದು ತಪ್ಪು.

ಪೂರ್ವದಲ್ಲಿ ನಮ್ಮನ್ನು ತಾವು ನೆನೆದುಕೊಂಡ ಬಗೆಗೂ ಋಣಿಯಾಗಿದ್ದೇನೆ. ತಮ್ಮ ಜನನದ ದಿನ ವಿಜಯನಗರದ ಆಡಳಿತ ತುಳುವ ನರಸನಾಯಕನ ಕೈಯಲ್ಲಿತ್ತು. ಕಲ್ಲಿಕೋಟೆಯಲ್ಲಿ ದೊರೆ ಸಾಮೂದಿರಿ ಇದ್ದ. ಇಬ್ಬರಿಗೂ ಕರೆ ಹೋಗಲಿಲ್ಲ, ಸುದ್ದಿಯೂ ಮುಟ್ಟಲಿಲ್ಲ. ನಾಲ್ಕು ವರ್ಷದ ಮೇಲೆ, 1498ರ ಮೇ ತಿಂಗಳಲ್ಲಿ, ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. ಹಿಂದಿರುಗುವಾಗ ಹಡಗುಗಳನ್ನು ದುರಸ್ತಿ ಮಾಡಿಕೊಳ್ಳಲು ತಂಗಿದ್ದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಅವನು ಮರಳಿದ ಮೇಲೆ ಪೋರ್ಚುಗಲ್ ದೊರೆ ಮನುಯೆಲ್ ಇಥಿಯೋಪಿಯಾ, ಅರೇಬಿಯಾ, ಪರ್ಷಿಯಾ ಮತ್ತು ಭಾರತಗಳ ವಿಜಯ, ನೌಕಾಯಾನ, ವಾಣಿಜ್ಯಗಳ ಒಡೆಯ ಎಂಬ ಬಿರುದು ಧರಿಸಿದ. ಆಗ ಅವನಿಗೆ ಭಾರತದಲ್ಲಿ ಒಂದು ಕೋಟೆಯೂ ಇರಲಿಲ್ಲ.

ಬಿರುದಿನ ಹಿಂದೆಯೇ ಕಾರ್ತಾಜ್ ಬಂತು. ನಮ್ಮ ಸಮುದ್ರದಲ್ಲಿ ನಮ್ಮ ಹಡಗು ಓಡಾಡಲು ಪೋರ್ಚುಗೀಸರಿಂದ ಪಡೆಯಬೇಕಾದ ರಹದಾರಿ ಅದು. ನಾಯಕ ಯಾರು, ಎಲ್ಲಿಗೆ ಪಯಣ, ಏನು ಸರಕು ಎಂದು ಅದರಲ್ಲಿ ಬರೆಸಬೇಕು. ಮೆಣಸಿನಂಥ ಸರಕನ್ನು ಬೇಕಾದಲ್ಲಿಗೆ ಒಯ್ಯುವಂತಿಲ್ಲ. ಕಾಗದವಿಲ್ಲದೆ ಸಿಕ್ಕಿದ ಹಡಗು ಸರಕಿನ ಸಮೇತ ಜಪ್ತಿ. ಹೊನ್ನಾವರ, ಭಟ್ಕಳ, ಬಸ್ರೂರುಗಳಿಂದ ಅಕ್ಕಿ, ಮೆಣಸು ತುಂಬಿಕೊಂಡು ತಲೆತಲಾಂತರದಿಂದ ಅರಬ್ಬಿ ಬಂದರುಗಳಿಗೆ ಹೋಗಿಬರುತ್ತಿದ್ದವರು ಒಂದು ಬೆಳಗ್ಗೆ ಎದ್ದು ಪರವಾನಗಿ ಇಲ್ಲದ ಅಪರಾಧಿಗಳಾದರು. 1505ರಲ್ಲಿ ವೈಸರಾಯ್ ಅಲ್ಮೇಡ ಅಂಜದೀವ್‌ನಲ್ಲಿ ಕೋಟೆ ಕಟ್ಟಿಸಿದ, ಹೊನ್ನಾವರದಲ್ಲಿ ಹಡಗುಗಳನ್ನು ಸುಡಿಸಿದ. ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರಿಗೆ ಕಪ್ಪ ಕೊಡಲು ಒಪ್ಪದೆ ಕಾದಾಡಿದಳು. ಸಮುದ್ರಕ್ಕೆ ಬೇಲಿ ಹಾಕಲು ಬಂದವರ ಜೇಬಿನಲ್ಲಿದ್ದದ್ದು ತಮ್ಮ ಹೆಸರಿನ ಕಾಗದ ಎಂಬುದು ಅವಳಿಗೆ ಯಾರೂ ಹೇಳಿರಲಾರರು.

ಪಶ್ಚಿಮದ ಕಡೆಗೆ, ಅಮೆರಿಕದ ಜನರಿಗೆ, ತಾವು ತೋರಿದ ಔದಾರ್ಯ ಇನ್ನೂ ಘೋರ. 1513ರಲ್ಲಿ ಸ್ಪೇನಿನ ನ್ಯಾಯಪಂಡಿತರು ರೆಕೆರಿಮಿಯೆಂಟೊ ಎಂಬ ಪ್ರಕಟಣೆ ಬರೆದರು. ಲೋಕವನ್ನು ದೇವರು ಪೋಪರಿಗೆ ವಹಿಸಿದ್ದಾನೆ, ಪೋಪರು ಈ ನೆಲವನ್ನು ನಮ್ಮ ದೊರೆಗಳಿಗೆ ಕೊಟ್ಟಿದ್ದಾರೆ, ಒಪ್ಪಿ ಶರಣಾಗಿರಿ. ಇಲ್ಲವಾದರೆ ಯುದ್ಧ, ಸೆರೆ, ಹೆಂಡಿರು ಮಕ್ಕಳ ಸಮೇತ ಗುಲಾಮಗಿರಿ, ಆ ಸಾವುನೋವಿನ ಹೊಣೆಯೂ ನಿಮ್ಮದೇ. ಇದನ್ನು ಸ್ಪ್ಯಾನಿಷ್ ನುಡಿಯ ಒಂದು ಅಕ್ಷರವೂ ತಿಳಿಯದ ಜನರೆದುರು ಓದಿದರು. ಕೇಳುವವರೇ ಇಲ್ಲದ ಕಡೆಯೂ ಓದಿದರು. ಓದಿಯಾಯಿತು ಎಂದು ಬರೆದುಕೊಳ್ಳಲು ನೋಟರಿ ಒಬ್ಬ ಜೊತೆಗಿರುತ್ತಿದ್ದ.

ತಮ್ಮಿಂದಾಗಿ ಒಂದು ಒಳ್ಳೆಯ ವಾದವೂ ಹುಟ್ಟಿತು, ಅದನ್ನು ಮರೆತರೆ ಕೃತಘ್ನನಾದೇನು. 1539ರಲ್ಲಿ ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾಲಯದ ಫ್ರಾನ್ಸಿಸ್ಕೊ ಡಿ ವಿಟೋರಿಯಾ ಎಂಬ ಸನ್ಯಾಸಿ ಪ್ರಾಧ್ಯಾಪಕ, ಪೋಪ್ ಇಡೀ ಲೋಕದ ಲೌಕಿಕ ಒಡೆಯರಲ್ಲ, ತಮ್ಮದಲ್ಲದ್ದನ್ನು ಅವರು ದಾನ ಮಾಡಲಾರರು ಎಂದು ಉಪನ್ಯಾಸ ಕೊಟ್ಟರು. ಅಮೆರಿಕದ ಜನ ಬಂದು ಸ್ಪೇನಿನವರಾದ ನಮ್ಮನ್ನು ಕಂಡುಹಿಡಿದಿದ್ದರೆ ಅವರಿಗೆ ನಮ್ಮ ಮೇಲೆ ಎಷ್ಟು ಹಕ್ಕು ಬರುತ್ತಿತ್ತೋ, ಅಲ್ಲಿಗೆ ಹೋದ ನಮಗೂ ಅಷ್ಟೇ ಎಂಬುದು ಅವರ ತರ್ಕ. ದೊರೆ ಐದನೆಯ ಚಾರ್ಲ್ಸ್‌ಗೆ ಇಂಥ ಚರ್ಚೆ ಹಿಡಿಸಲಿಲ್ಲ. ಅದೇ ವಿಟೋರಿಯಾ ಸಂಚಾರ, ವ್ಯಾಪಾರ, ಧರ್ಮಬೋಧೆಗಳ ಹೆಸರಿನಲ್ಲಿ ಯುದ್ಧಕ್ಕೆ ಬೇರೆ ಬಾಗಿಲು ತೆರೆದಿಟ್ಟರು ಎಂಬ ನೋವು ನನಗಿದೆ. ಆದರೂ ಆ ಕಾಲದಲ್ಲಿ, ಆ ಪೀಠದಿಂದ ಅಷ್ಟು ಹೇಳಲು ಎದೆಗಾರಿಕೆ ಬೇಕಿತ್ತು. 1609ರಲ್ಲಿ ಡಚ್ಚರ ಗ್ರೋಶಿಯಸ್ ಸಮುದ್ರ ಯಾರ ಸ್ವತ್ತೂ ಅಲ್ಲ ಎಂದು ವಾದಿಸಿದ; ಆಮೇಲೆ ಅವನ ನಾಡಿನ ಕಂಪನಿಯೇ ಮಲುಕು ದ್ವೀಪಗಳ ಸಾಂಬಾರ ವ್ಯಾಪಾರವನ್ನು ಮುಷ್ಟಿಯಲ್ಲಿ ಹಿಡಿಯಿತು.

ಭೂಗೋಳ ಗುಂಡಗಿರುವುದರಿಂದ ತಮಗೆ ಆಚೆ ಮಗ್ಗುಲಲ್ಲಿ ಒಬ್ಬ ಸಹೋದರ ಬೇಕಾದ. 1529ರ ಸಾರಗೋಸಾ ಒಪ್ಪಂದದಲ್ಲಿ ಚಾರ್ಲ್ಸ್ ಮಲುಕು ದ್ವೀಪಗಳ ಮೇಲಿನ ತನ್ನ ಹಕ್ಕನ್ನು ಪೋರ್ಚುಗಲ್ಲಿಗೆ 3,50,000 ಡುಕಾಟುಗಳಿಗೆ ಬಿಟ್ಟುಕೊಟ್ಟ. ಸರಿಯಾಗಿ ಅಳೆದಾಗ ಅವು ಮೊದಲಿಂದಲೂ ಪೋರ್ಚುಗಲ್ ಕಡೆಯಲ್ಲೇ ಇದ್ದವು.

ತಮ್ಮ ನಿರ್ಗಮನವೂ ಸುಖಕರವಾಗಲಿಲ್ಲ. 1750ರ ಮ್ಯಾಡ್ರಿಡ್ ಒಪ್ಪಂದ ತಮ್ಮನ್ನು ರದ್ದುಮಾಡಿ ಹೊಸ ಗಡಿ ಹಾಕಿತು. ಉರುಗ್ವೆ ನದಿಯ ಪೂರ್ವಕ್ಕಿದ್ದ ಏಳು ಜೆಸ್ಯೂಟ್ ನೆಲೆಗಳ ಸುಮಾರು 30,000 ಗ್ವಾರಾನಿ ಮೂಲನಿವಾಸಿಗಳು ಮನೆ, ಹೊಲ, ಚರ್ಚು ಬಿಟ್ಟು ನದಿ ದಾಟಬೇಕೆಂದು ಅಪ್ಪಣೆಯಾಯಿತು. 1753ರಲ್ಲಿ ಅವರು ತಮ್ಮದೇ ನುಡಿಯಲ್ಲಿ ಬ್ಯೂನಸ್ ಐರಿಸ್‌ನ ಗವರ್ನರನಿಗೆ ಪತ್ರ ಬರೆದು ಬೇಡಿಕೊಂಡರು. 1756ರ ಫೆಬ್ರವರಿಯಲ್ಲಿ ಕೈಬೊವಾಟೆಯ ಬಯಲಿನಲ್ಲಿ ಎರಡೂ ಕಿರೀಟಗಳ ಸೈನ್ಯ ಒಂದಾಗಿ ಅವರನ್ನು ಕೊಂದಿತು. ಐದೇ ವರ್ಷದಲ್ಲಿ ಆ ಒಪ್ಪಂದವೂ ರದ್ದಾಯಿತು.

2023ರ ಮಾರ್ಚ್ 30ರಂದು ವ್ಯಾಟಿಕನ್, ತಮ್ಮ ಹಿಂದಿದ್ದ ಆಜ್ಞಾಪತ್ರಗಳು ಮೂಲನಿವಾಸಿಗಳ ಸಮಾನ ಘನತೆಯನ್ನೂ ಹಕ್ಕುಗಳನ್ನೂ ತಕ್ಕಷ್ಟು ಬಿಂಬಿಸಲಿಲ್ಲ ಎಂದು ಒಪ್ಪಿಕೊಂಡಿತು. ಆ ಮಾತನ್ನು ಗೌರವದಿಂದ ಸ್ವೀಕರಿಸುತ್ತೇನೆ. ಹೋದ ನೆಲ ಅದರಿಂದ ಮರಳಿ ಬಂದಿಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತೇನೆ.

ಇನ್ನು ವಿನಂತಿ ಒಂದೇ. ತಮ್ಮ ಮೂಲ ಪತ್ರಗಳು ಸೆವಿಲ್ ಮತ್ತು ಲಿಸ್ಬನ್‌ಗಳ ದಾಖಲೆ ಭಂಡಾರಗಳಲ್ಲಿ ಭದ್ರವಾಗಿವೆ. 2007ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿದೆ. ತಮ್ಮನ್ನು ಜನರಿಗೆ ತೋರಿಸುವಾಗಲೆಲ್ಲ ಪಕ್ಕದಲ್ಲಿ ಒಂದು ಕಾರ್ತಾಜನ್ನೂ, ರೆಕೆರಿಮಿಯೆಂಟೊದ ಪ್ರತಿಯನ್ನೂ, ಗ್ವಾರಾನಿಗಳ ಆ ಪತ್ರಗಳನ್ನೂ ಅನುವಾದ ಸಮೇತ ಇಡಿಸಬೇಕೆಂದು ಭಂಡಾರಿಗಳಿಗೆ ತಾವೇ ಹೇಳಿ ಉಪಕರಿಸಬೇಕು.

ಇಂತು ತಮ್ಮ ಪೂರ್ವದ ಪಾಲಿನವರಲ್ಲೊಬ್ಬ