ಬಾಣಂತಿಕೋಣೆಯ ಮೀಮಾಂಸೆ

ಶಾಸ್ತ್ರವನ್ನು ಆರಂಭಿಸುವವನು ಮೊದಲು ಅದರ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರೂಪಿಸತಕ್ಕದ್ದೆಂದು ಪೂರ್ವಾಚಾರ್ಯರು ವಿಧಿಸಿರುವುದರಿಂದ, ಆ ಪದ್ಧತಿಯನ್ನು ಮೀರದೆ ನಾವೂ ಹೇಳುವುದೇನೆಂದರೆ: ಹುಟ್ಟಿ ಇನ್ನೂ ತಿಂಗಳು ತುಂಬದ ಶಿಶುವಿನ ಮೈ ಬೆಚ್ಚಗಿರುವುದೂ ಅದು ನಿದ್ರಿಸುವುದೂ ಇಲ್ಲಿಯ ವಿಷಯ, ಮನೆಯ ಮಿಕ್ಕವರು ನಿದ್ರಿಸುವುದು ಪ್ರಯೋಜನ, ಇವೆರಡರ ಸಂಬಂಧವು ರಾತ್ರಿ ಎರಡು ಗಂಟೆಯ ಹೊತ್ತಿಗೆ ತಾನಾಗಿಯೇ ಸ್ಪಷ್ಟವಾಗುವಂಥದು. ಇನ್ನು ಅಧಿಕಾರಿ ಯಾರೆಂದರೆ, ಸಕ್ಕರೆಯ ಪೊಟ್ಟಣವನ್ನೋ ನಾಲ್ಕು ಮೂಸಂಬಿಯನ್ನೋ ಹಿಡಿದು ಮಗುವನ್ನು ನೋಡಲು ಬಂದು, ಚಪ್ಪಲಿ ಬಿಡುವುದಕ್ಕೆ ಮೊದಲೇ "ಕಿವಿಗೆ ಹತ್ತಿ ಇಟ್ಟಿಲ್ಲವೇನೇ?" ಎಂದು ಕೇಳಬಲ್ಲ ಪ್ರತಿಯೊಬ್ಬರೂ ಅಧಿಕಾರಿಗಳೇ. ಬಾಣಂತಿಗೆ ಮಾತ್ರ ಅಧಿಕಾರವಿಲ್ಲ. ಆಕೆ ಹೆತ್ತವಳೇ ಹೊರತು ಬಲ್ಲವಳಲ್ಲವೆಂಬುದು ಸರ್ವಸಮ್ಮತವಾದ ಮತ.

ಶಿಶುವಿಗೆ ಚಳಿಯೇಕೆ ಆಗುತ್ತದೆಂಬ ಪ್ರಶ್ನೆಗೆ ವೈದ್ಯರ ಉತ್ತರ ದೀರ್ಘವಾದುದಾದರೂ ಯುಕ್ತವಾದುದು. ತಾಯಿಯ ಒಡಲಿನ 37 ಡಿಗ್ರಿಗೂ ಮೀರಿದ ಕಾವಿನಿಂದ ಒದ್ದೆ ಮೈಯಲ್ಲಿ ಹೊರಬಿದ್ದ ಜೀವವು, ಮೈಯ ತೇವ ಆರುವುದರಿಂದಲೂ, ತಣ್ಣಗಿನ ತಕ್ಕಡಿಯ ಮೇಲೆ ಮಲಗಿಸುವುದರಿಂದಲೂ, ಕಿಟಕಿಯ ಗಾಳಿಯಿಂದಲೂ, ಸುತ್ತಲಿನ ಗೋಡೆಗಳಿಗೆ ತನ್ನ ಶಾಖವನ್ನು ಸುಮ್ಮನೆ ಸೂಸುವುದರಿಂದಲೂ, ಹೀಗೆ ನಾಲ್ಕು ಮಾರ್ಗಗಳಲ್ಲಿ ಕಾವನ್ನು ಕಳೆದುಕೊಳ್ಳುತ್ತದೆ. ನಾವಾದರೆ ಗಡಗಡನೆ ನಡುಗಿ ಶಾಖವನ್ನು ಹುಟ್ಟಿಸಿಕೊಳ್ಳಬಲ್ಲೆವು. ಶಿಶುವು ಆ ವಿದ್ಯೆಯನ್ನರಿಯದು. ಅದಕ್ಕಿರುವ ಬಂಡವಾಳವೆಲ್ಲ ಕತ್ತಿನ ಸುತ್ತ, ಎರಡು ಹೆಗಲುಗಳ ನಡುವೆ, ಮೂತ್ರಪಿಂಡಗಳ ಬಳಿ ಪ್ರಕೃತಿಯು ಕಟ್ಟಿಕೊಟ್ಟಿರುವ ಒಂದಿಷ್ಟು ಕಂದುಬಣ್ಣದ ಕೊಬ್ಬು. ಅದನ್ನೇ ಉರಿಸಿಕೊಂಡು ಬದುಕಬೇಕು. ದಿನ ತುಂಬದೆ ಹುಟ್ಟಿದ ಕೂಸಿಗೆ ಆ ಬಂಡವಾಳವೂ ಅಲ್ಪ. ಮೇಲಾಗಿ, ನವಜಾತರ ತಲೆಯೊಂದೇ ಮೈಯ ಒಟ್ಟು ಹೊರಮೈಯಲ್ಲಿ ಸುಮಾರು ಐದನೆಯ ಒಂದು ಪಾಲು. ಕುಲಾವಿಯೆಂಬ ವಸ್ತುವಿಗೆ ಇದಕ್ಕಿಂತ ಪ್ರಬಲವಾದ ಸಮರ್ಥನೆ ಬೇಕಿಲ್ಲ.

ಆದರೆ ಕುಲಾವಿಯಿಂದ ತೃಪ್ತವಾಗುವ ಮನೆಯನ್ನು ನಾವು ಕಂಡಿಲ್ಲ. ವಸ್ತ್ರಸಂಖ್ಯೆಯ ವಿಚಾರದಲ್ಲಿ ನಾವು ಪ್ರತಿಪಾದಿಸುವ ನಿಯಮವು ಇದು: ಶಿಶುವಿನ ಮೇಲಿನ ಹೊದಿಕೆಗಳು ಋತುವನ್ನಾಗಲಿ ಶಿಶುವನ್ನಾಗಲಿ ಅವಲಂಬಿಸದೆ, ಕೋಣೆಯಲ್ಲಿರುವ ಹಿರಿಯ ಹೆಂಗಸರ ಸಂಖ್ಯೆಯನ್ನು ಅನುಸರಿಸುತ್ತವೆ. ಮೊದಲು ಒಗೆದೊಗೆದು ಮೆತ್ತಗಾದ ಹಳೆಯ ಪಂಚೆ; ಅದರ ಮೇಲೆ ಅಜ್ಜಿಯ ವಾಯಿಲ್ ಸೀರೆಯ ತುಂಡು; ಅದರ ಮೇಲೆ ಚಿಕ್ಕಮ್ಮ ಹೆಣೆದ ಉಲ್ಲನ್ ಸ್ವೆಟರು; ಏಪ್ರಿಲ್ ತಿಂಗಳ ರಾಯಚೂರಿನಲ್ಲಿಯೂ ಈ ಕ್ರಮಕ್ಕೆ ಲೋಪವಿಲ್ಲ. ಅತಿಯಾದ ಶಾಖವೂ ಎಳೆಗೂಸಿನ ನಿದ್ರೆಗೆ ಅಪಾಯಕರವೆಂದೂ, ದೊಡ್ಡವರು ಉಟ್ಟಿರುವುದಕ್ಕಿಂತ ಒಂದು ಪದರ ಹೆಚ್ಚಾದರೆ ಸಾಕೆಂದೂ ವೈದ್ಯರು ಹೇಳುವರು. ಸಾಕೆಂಬ ಶಬ್ದವನ್ನು ಬಾಣಂತಿಕೋಣೆಯಲ್ಲಿ ಪ್ರಯೋಗಿಸಿ ಗೆದ್ದವರಿಲ್ಲ.

ಈಗ ಶಾಸ್ತ್ರದ ಹೃದಯಕ್ಕೆ ಬರೋಣ. ಮಗುವಿಗೆ ಚಳಿಯಾಗಿದೆಯೆಂದು ತಿಳಿಯಲು ಪ್ರಮಾಣವೇನು? ಇಲ್ಲಿ ಪಾದವಾದಿಗಳು, ಉದರವಾದಿಗಳು ಎಂದು ಎರಡು ಪಕ್ಷಗಳಿವೆ. "ಅಂಗಾಲು ಮುಟ್ಟಿ ನೋಡಿ, ತಣ್ಣಗೆ ಕೊರೀತಿದೆ" ಎಂದು ತಾಯಿಯ ತಾಯಿ ಪೂರ್ವಪಕ್ಷವನ್ನು ಮಂಡಿಸಿದರೆ, "ಅಂಗಾಲು ಬಿಡಿ ಬೀಗಿತ್ತಿಯವರೇ, ಹೊಟ್ಟೆ ಬೆಚ್ಚಗೇ ಇದೆ, ಕತ್ತಿನ ಸಂದಿಯಲ್ಲಿ ಬೆವರು ಬಂದಿದೆ ಪಾಪ" ಎಂದು ತಂದೆಯ ತಾಯಿ ಖಂಡಿಸುವಳು. ಯಾರು ಯಾವ ಪಕ್ಷವೆಂಬುದು ಎದುರಾಳಿ ಯಾವುದನ್ನು ಮೊದಲು ಹಿಡಿದಳೆಂಬುದರಿಂದ ನಿಶ್ಚಿತವಾಗುವುದಾದ್ದರಿಂದ, ಎರಡನೆಯ ಬಾಣಂತನದಲ್ಲಿ ಇವರೇ ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ಅಷ್ಟೇ ನಿಷ್ಠೆಯಿಂದ ವಾದಿಸುವುದುಂಟು. ವೈದ್ಯರ ಸಿದ್ಧಾಂತವಾದರೋ ಸಮನ್ವಯಾತ್ಮಕವಾದುದು. ಎರಡನ್ನೂ ಮುಟ್ಟತಕ್ಕದ್ದು. ಹೊಟ್ಟೆಯೂ ಪಾದವೂ ಬೆಚ್ಚಗಿದ್ದರೆ ಕ್ಷೇಮ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಶೀತದ ಬಾಧೆ ಮೊದಲಾಗಿದೆಯೆಂದರಿತು ಕೂಡಲೇ ಎದೆಗಪ್ಪಿಕೊಳ್ಳತಕ್ಕದ್ದು. ಎರಡೂ ತಣ್ಣಗಿದ್ದರೆ ಮೀಮಾಂಸೆಯನ್ನು ಅಲ್ಲಿಗೇ ನಿಲ್ಲಿಸಿ, ಹಾಗೆಯೇ ಅಪ್ಪಿಕೊಂಡು ಆಸ್ಪತ್ರೆಗೆ ಓಡತಕ್ಕದ್ದು. ಥರ್ಮಾಮೀಟರಿನ ಭಾಷೆಯಲ್ಲಿ 36.5ರಿಂದ 37.5 ಡಿಗ್ರಿಯವರೆಗೆ ಶಾಂತಿ. ಮುಟ್ಟುವವರು ಕೈಯ ಹಿಂಬದಿಯಿಂದ ಮುಟ್ಟಬೇಕೆಂಬ ಉಪನಿಯಮವೂ ಉಂಟು. ಆಗತಾನೆ ತಣ್ಣೀರಿನಲ್ಲಿ ಪಾತ್ರೆ ತೊಳೆದು ಬಂದ ಕೈಗೆ ಯಾವ ನಿಯಮ ಅನ್ವಯಿಸುತ್ತದೆಂಬುದನ್ನು ಭಾಷ್ಯಕಾರರಿಗೆ ಬಿಟ್ಟಿದೆ.

ಅಗ್ನಿಪಕ್ಷವನ್ನು ಬೇಗ ಮುಗಿಸಬಹುದು. ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಸಾಂಬ್ರಾಣಿ ಹಾಕಿ, ಮಗುವಿನ ತಲೆ ಒಣಗಿಸುವ ವಿಧಿಯು ಅತ್ಯಂತ ಸುವಾಸನೆಯುಳ್ಳದ್ದು. ಆದರೆ ಮುಚ್ಚಿದ ಕೋಣೆಯ ಕೆಂಡವು ಕಾವಿನೊಡನೆ ವಿಷವಾಯುವನ್ನೂ ಕೊಡುವುದರಿಂದ, ಈ ಪಕ್ಷದ ಪಂಡಿತರು ತಾವು ಮಾತ್ರ ಹಜಾರದಲ್ಲಿ ಕುಳಿತು ವಾದಿಸುವರು. ಹುಟ್ಟಿದ ಕೂಡಲೇ ಕೂಸಿಗೆ ನೀರು ಹಾಕಬಾರದು, 24 ಗಂಟೆಯಾದರೂ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನು, ಕಾಲು ಚಾಚಿ ಕುಳಿತು ಹರಳೆಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟುಕೊಂಡಾಗಿರುವ ನೀರು ಹಾಕುವವಳಿಗೆ ತಿಳಿಸುವ ಧೈರ್ಯವೂ ಯಾರಿಗೂ ಇದ್ದಂತಿಲ್ಲ.

ಪಾಶ್ಚಾತ್ಯರ ಇತಿಹಾಸವೂ ನಮ್ಮ ಶಾಸ್ತ್ರಕ್ಕೆ ಪೋಷಕವಾಗಿದೆ. ಪ್ಯಾರಿಸ್ ನಗರದ ಹೆರಿಗೆ ವೈದ್ಯ ಸ್ಟೆಫಾನ್ ಟಾರ್ನಿಯೆ, ಅಲ್ಲಿಯ ಮೃಗಾಲಯದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅಂಥದೇ ಪೆಟ್ಟಿಗೆಯನ್ನು ಮನುಷ್ಯಶಿಶುವಿಗೆ ಮಾಡಿಸಿ, 1880ರ ಸುಮಾರಿಗೆ ಆಸ್ಪತ್ರೆಯಲ್ಲಿ ಇರಿಸಿದನು. ಇದನ್ನು ನಾವು ಕುಕ್ಕುಟಪ್ರಸ್ಥಾನವೆನ್ನುತ್ತೇವೆ. ಅಮೆರಿಕದಲ್ಲಿ ಮಾರ್ಟಿನ್ ಕೌನಿಯೆಂಬವನು 1903ರಿಂದ 1943ರವರೆಗೆ ಕೋನಿ ದ್ವೀಪದ ಜಾತ್ರೆಯಂಥ ವಿಹಾರಸ್ಥಾನದಲ್ಲಿ ಅಂಥ ಪೆಟ್ಟಿಗೆಗಳೊಳಗಿನ ಎಳೆಕೂಸುಗಳನ್ನು ಜನರಿಗೆ ತೋರಿಸಿ, ಪ್ರೇಕ್ಷಕರು ತೆತ್ತ ದುಡ್ಡಿನಿಂದಲೇ ಅವುಗಳನ್ನು ಸಾಕಿದನು; ಹೆತ್ತವರಿಂದ ಕಾಸೂ ಕೇಳಲಿಲ್ಲ. ಕಡೆಗೆ 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಪೆಟ್ಟಿಗೆಗಳು ಸಾಲದೆ ಒಂದರಲ್ಲಿ ಹಲವು ಕೂಸುಗಳನ್ನು ಮಲಗಿಸಬೇಕಾಗಿ ಬಂದಾಗ, ಎಡ್ಗರ್ ರೇ ಎಂಬ ವೈದ್ಯನು ಕೂಸನ್ನು ತಾಯಿಯ ಬರಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ನೋಡಿದನು; ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರಾಯಿತು. ಕೋಳಿಯಿಂದ ಹೊರಟ ಶಾಸ್ತ್ರವು ನೂರು ವರ್ಷ ತಿರುಗಿ ಕಾಂಗರೂವಿನಲ್ಲಿ ಬಂದು ನಿಂತಿತು. ನಡುವೆ ತಾಯಿಯೊಬ್ಬಳಿದ್ದಾಳೆಂಬುದು ಪಂಡಿತರಿಗೆ ಹೊಳೆಯಲು ಎರಡು ಮೃಗಪಕ್ಷಿಗಳ ಸಹಾಯ ಬೇಕಾಯಿತು.

ಬೆಚ್ಚಗಾದ ಮೇಲೆ ನಿದ್ರೆ. ನವಜಾತ ಶಿಶುವು ದಿನಕ್ಕೆ ಸುಮಾರು ಹದಿನಾರು ಗಂಟೆ ನಿದ್ರಿಸುತ್ತದೆಂದು ಗ್ರಂಥಗಳಲ್ಲಿ ಓದಿದ ತಂದೆತಾಯಿಗಳು ಗ್ರಂಥಕರ್ತರನ್ನು ಸಂಶಯಿಸುವುದು ಸಹಜ. ಹದಿನಾರು ಗಂಟೆಗಳೇನೋ ಉಂಟು, ಆದರೆ ಅವು ಎರಡೆರಡು ಮೂರುಮೂರು ಗಂಟೆಗಳ ಚಿಲ್ಲರೆಯಾಗಿ ಬರುತ್ತವೆ. ಹಗಲಿರುಳೆಂಬ ಭೇದವು ಎರಡು ಮೂರು ತಿಂಗಳಾಗುವವರೆಗೆ ಆ ಜೀವಕ್ಕೆ ಅಜ್ಞಾತ. ನಿದ್ರೆಯ ಅರ್ಧಭಾಗದಲ್ಲಿ ಅದು ಮುಲುಕುವುದು, ಮುಖ ಕಿವುಚುವುದು, ನಗುವುದು. ದೇವರು ನಗಿಸುತ್ತಿದ್ದಾನೆಂದು ಅಜ್ಜಿಯರು ಸುಮ್ಮನಿರುವರು, ಎಚ್ಚರವಾಯಿತೆಂದು ತಂದೆ ಎತ್ತಿಕೊಂಡು ನಿಜವಾಗಿಯೂ ಎಚ್ಚರಿಸುವನು. ಇಲ್ಲಿ ಅಜ್ಜಿಯರ ಮತವೇ ಗ್ರಾಹ್ಯ. ಅಂಗಾತ ಮಲಗಿಸಬೇಕು, ಹಾಸಿಗೆಯಲ್ಲಿ ದಿಂಬಿರಬಾರದು ಎಂಬಲ್ಲಿ ವೈದ್ಯರದೇ ಗ್ರಾಹ್ಯ. ಆದರೆ ತಲೆ ಗುಂಡಗಾಗಲೆಂದು ಹೊಲಿಸಿಟ್ಟ ಸಾಸಿವೆಯ ದಿಂಬನ್ನು ತೊಟ್ಟಿಲಿನಿಂದ ತೆಗೆದರೆ ಅದು ಮರುದಿನ ಬೆಳಿಗ್ಗೆ ಅಲ್ಲಿಯೇ ಪುನಃ ಕಾಣಿಸಿಕೊಳ್ಳುವುದರ ಕಾರಣವನ್ನು ಯಾವ ವಿಜ್ಞಾನವೂ ವಿವರಿಸಿಲ್ಲ.

ತೋಳಿನಿಂದ ತೊಟ್ಟಿಲಿಗೆ ಇಳಿಸುವ ಕ್ಷಣವು ಅತಿ ಸೂಕ್ಷ್ಮವಾದುದು. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಡೆದಾಡಿ, ಅದು ನಿದ್ರಿಸಿದ ಮೇಲೆ ಐದರಿಂದ ಎಂಟು ನಿಮಿಷ ಕುಳಿತಿದ್ದು ಆಮೇಲೆ ಮಲಗಿಸಬೇಕೆಂದು 2022ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ನಡೆದಾಟವು ನಮ್ಮ ತಾತಂದಿರಿಗೆಲ್ಲ ಗೊತ್ತಿತ್ತು. ಕುಳಿತುಕೊಳ್ಳಬಹುದೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಉಳಿದದ್ದು ತಂದೆಯ ಅಧಿಕಾರದ ವಿಚಾರ. ಆತನಿಗೆ ಬಾಣಂತಿಕೋಣೆಯ ಹೊಸ್ತಿಲವರೆಗೆ ಮಾತ್ರ ಪ್ರವೇಶವೆಂಬುದು ಪೂರ್ವಪಕ್ಷ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೇ ವ್ಯಾಪಕವಾಗಿ ಆಚರಿಸಿ ಪರೀಕ್ಷಿಸಿರುವ, ಹಿಂದೆ ಹೇಳಿದ ಕಾಂಗರೂ ಆರೈಕೆಯು, ತೂಕ ಕಡಿಮೆಯ ಕೂಸಿಗೆ ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ ಬೇಕಾಗುವುದರಿಂದ, ತಾಯಿಯು ಸ್ನಾನಕ್ಕೋ ಊಟಕ್ಕೋ ಎದ್ದಾಗ ತಂದೆಯ ಎದೆಯೂ ಸಲ್ಲುತ್ತದೆಂಬುದು ಸಿದ್ಧಾಂತ. ಆಗ ಆತನು ಅಂಗಿ ಬನಿಯನ್ನುಗಳನ್ನು ಕಳಚಿ, ಒರಗಿ ಕುಳಿತು, ಕೂಸಿನ ಮೋರೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೂಗು ಮುಚ್ಚದಂತೆ ನೋಡಿಕೊಂಡು, ಮೇಲೆ ಹೊದಿಕೆಯನ್ನು ಹೊದ್ದುಕೊಳ್ಳತಕ್ಕದ್ದು. ಇದರ ಮುಂದೆ ಕೆಲವು ಪಾಠಗಳಲ್ಲಿ "ಮೊಬೈಲನ್ನೂ ಹೊರಗಿಟ್ಟು" ಎಂಬ ಎರಡು ಶಬ್ದಗಳು ಹೆಚ್ಚಾಗಿ ಕಾಣುತ್ತವೆ. ಇವು ಪ್ರಕ್ಷಿಪ್ತವೆಂದು ತಂದೆಯರೂ, ಮೂಲದಲ್ಲಿಯೇ ಇದ್ದವೆಂದು ತಾಯಂದಿರೂ ವಾದಿಸುತ್ತಿದ್ದು, ಪಾಠಪರಿಷ್ಕರಣದ ಕಾರ್ಯವಿನ್ನೂ ನಡೆಯುತ್ತಿದೆ.